ಆ ನೆರಳನ್ನು ಕತ್ತರಿಸಬಾರದಿತ್ತು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ, ಓದುಗರು ಕಳಿಸಿದ ಹಳೆಯ ಚಿತ್ರಗಳ ಪುಟದಲ್ಲಿ, ಮಲ್ಪೆ ಕಡಲತೀರದ ಐವರು ಮಕ್ಕಳ ಕಪ್ಪು-ಬಿಳುಪು ಫೋಟೊ ಅಚ್ಚಾಗಿದೆ. ಇಂಥ ಚಿತ್ರವನ್ನು ಆಯ್ದು ದೊಡ್ಡದಾಗಿ ಹಾಕಿದ್ದಕ್ಕೆ ಮೊದಲು ಅಭಿನಂದನೆ. ಆದರೆ ಅದನ್ನು ಕೆಳಗಡೆ ಕತ್ತರಿಸಿದ್ದೀರಿ, ಪಕ್ಕದಲ್ಲಿ ಕಂಪ್ಯೂಟರ್‌ನಿಂದ ಬಣ್ಣ ತುಂಬಿಸಿದ ಇನ್ನೊಂದು ಪ್ರತಿ ಹಾಕಿದ್ದೀರಿ, ಅಡಿಬರಹದಲ್ಲಿ ‘1950ರ ದಶಕ’ ಎಂದಿದ್ದೀರಿ. ಈ ಮೂರರಿಂದಲೂ ಚಿತ್ರಕ್ಕೆ ಅನ್ಯಾಯವಾಗಿದೆ. ಫಿಲ್ಮ್ ತೊಳೆದು ಪ್ರಿಂಟ್ ಹಾಕುವ ಕೆಲಸ ಬಲ್ಲವರಾದ ನಾವು ಅದರಲ್ಲಿ ಏನೇನು ಕಾಣುತ್ತದೆ, ಯಾಕೆ ಕಾಣುತ್ತದೆ ಎಂಬುದನ್ನು ಬರೆಯುತ್ತಿದ್ದೇವೆ. ಪತ್ರ ಉದ್ದವಾದರೆ ಕ್ಷಮೆಯಿರಲಿ. ಮನೆಮನೆಯ ಆಲ್ಬಮ್‌ಗಳಲ್ಲಿ ಇಂಥ ಚಿತ್ರಗಳಿವೆ, ಹೇಳಿದ್ದು ಅವರಿಗೂ ಉಪಯೋಗವಾದೀತು.

ಕತ್ತರಿಸಿದ ವಿಷಯದಿಂದಲೇ ಶುರು ಮಾಡೋಣ. ನೀವು ಅಚ್ಚು ಹಾಕಿದ ಚಿತ್ರದ ಅಗಲ 15 ಸೆಂ.ಮೀ., ಎತ್ತರ 12 ಸೆಂ.ಮೀ. ಮೇಲೆ, ಎಡಕ್ಕೆ, ಬಲಕ್ಕೆ ಪ್ರಿಂಟಿನ ಬಿಳಿ ಅಂಚು ಕಾಣುತ್ತದೆ. ಕೆಳಗಡೆ ಅಂಚೇ ಇಲ್ಲ. ಮೇಲಿನ ಎರಡು ಮೂಲೆಗಳಲ್ಲಿ ಚಿತ್ರ ಚೆನ್ನಾಗಿ ಮಸುಕಾಗಿದೆ, ಕೆಳಗಿನ ಎರಡು ಮೂಲೆಗಳಲ್ಲಿ ಅಷ್ಟಿಲ್ಲ. ಅಗ್ಗದ ಲೆನ್ಸ್ ನಡುವೆ ಸ್ಪಷ್ಟವಾಗಿ, ನಾಲ್ಕು ಮೂಲೆಗಳಲ್ಲೂ ಒಂದೇ ಸಮನೆ ಮಸುಕಾಗಿ ಬಿಂಬ ಕೊಡುತ್ತದೆ. ಹಾಗಾಗಿ ಮೂಲ ಚಿತ್ರ ಚೌಕ, ಕೆಳಗಿನ ಐದನೇ ಒಂದು ಭಾಗ ನಿಮ್ಮ ಕಚೇರಿಯಲ್ಲಿ ಹೋಗಿದೆ ಎಂದು ಧೈರ್ಯವಾಗಿ ಹೇಳಬಹುದು. 120 ನಂಬರಿನ ರೀಲಿನಲ್ಲಿ ಹನ್ನೆರಡು ಚೌಕ ಚಿತ್ರ ಬರುತ್ತಿದ್ದವು, ಒಂದೊಂದೂ ಸುಮಾರು 56 ಮಿ.ಮೀ. ಅದೇ ರೀಲಿನಲ್ಲಿ ಉದ್ದನೆಯ ಎಂಟು ಚಿತ್ರ ತೆಗೆಯುವ ಕ್ಯಾಮೆರಾಗಳೂ ಇದ್ದವು, ಆದರೆ ಈ ಲೆಕ್ಕಕ್ಕೆ ಅವು ಹೊಂದುವುದಿಲ್ಲ.

ಹೋದದ್ದು ಬರೀ ಮರಳಲ್ಲ. ಬಲಗಡೆ ಕೆಳಗೆ, ಮಕ್ಕಳ ಕಾಲ ಬುಡದ ಹತ್ತಿರ, ಒಂದು ತಲೆಯ ನೆರಳು ಬಿದ್ದಿದೆ. ಅದರ ಕೆಳಗೆ ಭುಜದ ಇಳಿಜಾರು ಶುರುವಾಗುವಷ್ಟರಲ್ಲಿ ಚಿತ್ರ ಮುಗಿದುಹೋಗುತ್ತದೆ. ಅದು ಫೋಟೊ ತೆಗೆದವರ ನೆರಳು. ಪುಟ ಕಟ್ಟುವವರಿಗೆ ಅದು ಕಸದಂತೆ ಕಂಡಿರಬೇಕು. ನಮಗೆ ಅದು ಇಡೀ ಚಿತ್ರದ ಕೀಲಿ. ಕಣ್ಣಿಗೆ ಹಿಡಿದು ತೆಗೆಯುವ ಕ್ಯಾಮೆರಾ ಆದರೆ ಎರಡೂ ಮೊಣಕೈ ಎತ್ತರದಲ್ಲಿ ಅಗಲಕ್ಕೆ ಚಾಚಿಕೊಂಡಿರುತ್ತವೆ. ಹೊಟ್ಟೆಯ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಡಬ್ಬಿ ಕ್ಯಾಮೆರಾ ಆದರೆ ಮೊಣಕೈ ಪಕ್ಕೆಗೆ ಅಂಟಿರುತ್ತವೆ. ಕತ್ತರಿಸಿದ ಆ 3 ಸೆಂ.ಮೀ.ನಲ್ಲಿ ಮೊಣಕೈಗಳಿದ್ದವು. ಸೆರಗಿನ ಅಂಚೋ ಪಂಚೆಯ ಅಂಚೋ ಕೂಡ ಇದ್ದಿರಬಹುದು. ಫೋಟೊ ತೆಗೆದದ್ದು ಹೆಂಗಸೋ ಗಂಡಸೋ ಎಂದು ತಿಳಿಯುವ ಒಂದೇ ದಾರಿ ಅಲ್ಲಿತ್ತು. ಮನೆಯ ಫೋಟೊಗಳಲ್ಲಿ ಯಾವತ್ತೂ ಕಾಣದ ವ್ಯಕ್ತಿ ಎಂದರೆ ಕ್ಯಾಮೆರಾ ಹಿಡಿದವರು. ಇಲ್ಲಿ ಅವರೂ ಇದ್ದರು.

ಮೊಣಕೈ ಇಲ್ಲದೆಯೂ ಅರ್ಧ ಉತ್ತರ ಸಿಗುತ್ತದೆ, ಅದಕ್ಕೆ ದಿಗಂತವನ್ನು ನೋಡಬೇಕು. ಸಮತಟ್ಟಾದ ತೀರದಲ್ಲಿ ಕಡಲಿನ ದಿಗಂತ ಯಾವಾಗಲೂ ಲೆನ್ಸ್ ಇರುವ ಎತ್ತರದಲ್ಲೇ ಎಲ್ಲರನ್ನೂ ಹಾಯ್ದು ಹೋಗುತ್ತದೆ. ಹತ್ತಿರ ನಿಂತವರಾಗಲಿ ದೂರ ನಿಂತವರಾಗಲಿ, ನೆಲದಿಂದ ಅಷ್ಟೇ ಎತ್ತರದಲ್ಲಿ ಆ ಗೆರೆ ಮುಟ್ಟುತ್ತದೆ. ನಿಂತ ದೊಡ್ಡವರು ಕಣ್ಣಿಗೆ ಹಿಡಿದು ತೆಗೆದಿದ್ದರೆ ದಿಗಂತ ಸುಮಾರು 150 ಸೆಂ.ಮೀ. ಎತ್ತರದಲ್ಲಿ, ಅಂದರೆ ಈ ಐವರ ತಲೆಗಳಿಗಿಂತ ಮೇಲೆ ಇರಬೇಕಿತ್ತು. ಚಿತ್ರದಲ್ಲಿ ಅದು ದೊಡ್ಡ ಹುಡುಗಿಯ ಗಲ್ಲದ ಕೆಳಗೆ ಹಾಯುತ್ತದೆ. ಚಿಕ್ಕವನ ತಲೆ ಪೂರ್ತಿ ನೀರಿನೊಳಗಿದೆ. ಹೊಟ್ಟೆಯ ಮಟ್ಟದ ಲೆನ್ಸ್ ನೆಲದಿಂದ 1 ಮೀಟರ್ ಎಂದುಕೊಳ್ಳಿ. ಮಲ್ಪೆಯ ಒದ್ದೆ ಮರಳು ಕಡಲ ಕಡೆಗೆ ನಿಧಾನವಾಗಿ ಇಳಿಯುವುದರಿಂದ, ನಾಲ್ಕೈದು ಮೀಟರ್ ಆಚೆ ನಿಂತವರ ಪಾದ ಒಂದು ಗೇಣಿಗಿಂತ ಕಡಿಮೆ ತಗ್ಗಿನಲ್ಲಿರುತ್ತದೆ. ಅದಕ್ಕೆ 10 ಸೆಂ.ಮೀ. ಸೇರಿಸಿದರೆ ದಿಗಂತ ಅವರ ಪಾದದಿಂದ 110 ಸೆಂ.ಮೀ. ಮೇಲೆ. ಅಲ್ಲಿ ಗಲ್ಲವಿರುವ ಹುಡುಗಿ 130ರಿಂದ 135 ಸೆಂ.ಮೀ. ಎತ್ತರ, ಹತ್ತು-ಹನ್ನೊಂದು ವರ್ಷದವಳು. ಚಿಕ್ಕವನು ಒಂದು ಮೀಟರೂ ಇಲ್ಲ, ನಾಲ್ಕರ ಆಸುಪಾಸು. ತೆಗೆದವರು ಮಂಡಿಯೂರಿ ಕಣ್ಣಿಗೆ ಹಿಡಿದು ತೆಗೆದಿದ್ದರೂ ಇದೇ ಲೆಕ್ಕ ಬರುತ್ತದೆ. ಎರಡರಲ್ಲಿ ಯಾವುದು ಎಂದು ಹೇಳಬಲ್ಲದ್ದು ಆ ಮೊಣಕೈ ಮಾತ್ರ.

ಈ ದಿಗಂತದಿಂದಲೇ ಚಿತ್ರಕ್ಕೆ ಅಷ್ಟು ಸೊಗಸು. ದೊಡ್ಡವಳ ಮುಖ ಆಕಾಶದ ಬಿಳಿಯಲ್ಲಿದೆ, ಉಳಿದವರ ಮುಖಗಳು ಒಂದೊಂದಾಗಿ ಕಡಲಿನ ಬೂದು ಬಣ್ಣದೊಳಕ್ಕೆ ಇಳಿಯುತ್ತವೆ. ಎತ್ತರದ ಪ್ರಕಾರ ನಿಲ್ಲಿಸಿದ ಸಾಲು ತಾನಾಗಿಯೇ ನೀರಿಗಿಳಿದಂತೆ ಕಾಣುತ್ತದೆ. ಇವತ್ತು ಫೋನನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ತೆಗೆಯುವ ನಾವು ಮಕ್ಕಳನ್ನು ಮೇಲಿನಿಂದ ನೋಡುತ್ತೇವೆ. ಅವರ ಹಿಂದೆ ಮರಳೇ ತುಂಬಿರುತ್ತದೆ, ತಲೆ ದೊಡ್ಡದಾಗಿ ಕಾಲು ಗಿಡ್ಡವಾಗಿ ಬರುತ್ತದೆ. ಹಳೆಯ ಡಬ್ಬಿ ಕ್ಯಾಮೆರಾ ಲೆನ್ಸನ್ನು ಮಕ್ಕಳ ಎತ್ತರಕ್ಕೇ ಇಳಿಸುತ್ತಿತ್ತು.

ಮಕ್ಕಳು ಕಣ್ಣು ಕಿರಿದು ಮಾಡಿದ್ದಾರೆ, ಅದನ್ನು ಅಡಿಬರಹದಲ್ಲಿ ‘ನಾಚಿಕೆ’ ಎಂದು ಬರೆದಿದ್ದೀರಿ. ನಾಚಿಕೆಯಲ್ಲ, ಬಿಸಿಲು. ಡಬ್ಬಿ ಕ್ಯಾಮೆರಾದ ಜೊತೆ ಬರುತ್ತಿದ್ದ ಸೂಚನೆ ಒಂದೇ: ಸೂರ್ಯ ತೆಗೆಯುವವರ ಬೆನ್ನಿಗಿರಲಿ. ನಮ್ಮ ಕರಾವಳಿಯ ಕಡಲು ಪಡುವಣದಲ್ಲಿದೆ. ಕಡಲನ್ನು ಹಿನ್ನೆಲೆಗೆ ಇಟ್ಟುಕೊಂಡು ಸೂರ್ಯನನ್ನು ಬೆನ್ನಿಗೆ ಹಾಕಿಕೊಳ್ಳಬೇಕೆಂದರೆ ಬೆಳಿಗ್ಗೆಯೇ ತೆಗೆಯಬೇಕು, ಆಗ ಮಕ್ಕಳ ಕಣ್ಣಿಗೆ ನೇರ ಬಿಸಿಲು. ಸಂಜೆ ತೆಗೆದರೆ ಕಣ್ಣು ತೆರೆದಿರುತ್ತದೆ, ಆದರೆ ಮುಖ ಕಪ್ಪಾಗಿ ಆಕಾಶ ಬೆಳ್ಳಗಾಗಿ ಬರುತ್ತದೆ. ನಮ್ಮ ಕಡೆಯ ಕಡಲತೀರದ ಹಳೆಯ ಚಿತ್ರಗಳಲ್ಲಿ ಮಕ್ಕಳೆಲ್ಲ ಒಂದೋ ಕಣ್ಣು ಕಿರಿದು ಮಾಡಿರುತ್ತಾರೆ, ಇಲ್ಲವೇ ಬರೀ ಆಕಾರವಾಗಿರುತ್ತಾರೆ. ಚೆನ್ನೈಯ ಮರೀನಾದಲ್ಲಿ ತೆಗೆದವಕ್ಕೆ ಇದು ತಿರುಗುಮುರುಗು, ಅಲ್ಲಿ ಸಂಜೆಯ ಚಿತ್ರಗಳೇ ಬೆಳಕಿನವು.

ನೆರಳಿನ ದಿಕ್ಕೂ ಒಂದು ಮಾತು ಹೇಳುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಮಲ್ಪೆಯಲ್ಲಿ ಬೆಳಗಿನ ನೆರಳು ಹೆಚ್ಚುಕಡಿಮೆ ನೇರವಾಗಿ ಕಡಲಿನತ್ತ ಬೀಳುತ್ತದೆ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಸೂರ್ಯ ತೆಂಕಣಕ್ಕೆ ವಾಲಿ ಹುಟ್ಟುವುದರಿಂದ, ಕಡಲಿಗೆ ಮುಖ ಮಾಡಿ ನಿಂತವರಿಗೆ ನೆರಳು ಬಲಕ್ಕೆ ಸರಿದಿರುತ್ತದೆ. ಈ ಚಿತ್ರದಲ್ಲಿ ಎಲ್ಲ ನೆರಳುಗಳೂ ಬಲಕ್ಕೆ ವಾಲಿವೆ. ಆದ್ದರಿಂದ ಇದು ಮಳೆಗಾಲ ಮುಗಿದ ಮೇಲಿನ ತಿಂಗಳುಗಳದ್ದು. ಹಿಂದೆ ಬಲಗಡೆ ದೂರದಲ್ಲಿ ಹಗ್ಗ ಹಿಡಿದು ಹಿಂದಕ್ಕೆ ವಾಲಿ ನಿಂತವರ ಉದ್ದ ಸಾಲು ಇರುವುದೂ ಇದಕ್ಕೆ ಹೊಂದುತ್ತದೆ. ಅವರು ಹಬ್ಬಕ್ಕೆ ಸೇರಿದ ಜನವಲ್ಲ, ರಂಪಣಿ ಎಳೆಯುವವರು. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಕಡಲಿಗೆ ಬಿಟ್ಟು ಎರಡೂ ತುದಿಯನ್ನು ದಡದಿಂದ ಎಳೆಯುವ ಕೆಲಸ. ಬಂಗುಡೆ, ಬೂತಾಯಿ ದಡಕ್ಕೆ ಬರುವ ಆ ತಿಂಗಳುಗಳಲ್ಲಿ ಅದು ನಡೆಯುತ್ತಿತ್ತು.

ಇಸವಿಯ ವಿಷಯಕ್ಕೆ ಬಂದರೆ, ‘1950ರ ದಶಕ’ ಎನ್ನಲು ಚಿತ್ರದಲ್ಲಿ ಆಧಾರವಿಲ್ಲ. 1970ರ ದಶಕದ ನಡುವಿನಲ್ಲಿ, ಕಡಲಲ್ಲೇ ಮೀನಿನ ಗುಂಪನ್ನು ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ದೊಡ್ಡ ರಂಪಣಿಗಳು ಬೇಗ ಕರಗಿದವು. ಚಿಕ್ಕದಾದ ಕೈರಂಪಣಿ ಇಂದಿಗೂ ಅಲ್ಲಲ್ಲಿ ಉಂಟು, ಆದರೆ ಇಷ್ಟು ಉದ್ದದ ಸಾಲು ಅದಕ್ಕೆ ಬೇಕಿಲ್ಲ. ಹಾಗಾಗಿ ಮೇಲಿನ ಗಡಿ ಸುಮಾರು 1975. ಕೆಳಗಿನ ಗಡಿಯನ್ನು ಮುಂಭಾಗ ನೋಡಿ ಹೇಳಲಾಗದು, ಪ್ರಿಂಟಿನ ಹಿಂಭಾಗವನ್ನು ನೋಡಬೇಕು. ಕಾಗದದ ಹಿಂದೆ ಕಂಪನಿಯ ಹೆಸರು ತೆಳುವಾಗಿ ಅಚ್ಚಾಗಿರುವುದುಂಟು. ‘ಇಂದು’ ಎಂದಿದ್ದರೆ ಅದು ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ಕಾಗದ. ಅಲ್ಲಿ ಉತ್ಪಾದನೆ ಶುರುವಾದದ್ದು 1967ರಲ್ಲಿ. ‘ಓರ್ವೊ’ ಎಂದಿದ್ದರೆ ಪೂರ್ವ ಜರ್ಮನಿಯದು, ಆ ಹೆಸರು ಬಂದದ್ದು 1964ರಲ್ಲಿ. ಹೆಸರಿಲ್ಲದಿದ್ದರೆ ಅಂಗಡಿಗಳಲ್ಲಿ ನೋಟು ಪರೀಕ್ಷಿಸುವ ನೇರಳೆ ದೀಪದಡಿ, ಕತ್ತಲಲ್ಲಿ, ಬಿಳಿ ಅಂಚನ್ನು ಕೆಲವೇ ಕ್ಷಣ ಹಿಡಿದು ನೋಡಿ. ನೀಲಿಬಿಳಿಯಾಗಿ ಹೊಳೆದರೆ ಕಾಗದದಲ್ಲಿ ಹೊಳಪುಕಾರಕವಿದೆ, ಅದು 1950ರ ದಶಕದಿಂದೀಚೆಗೆ ಬಂದ ಪದ್ಧತಿ. ಹೊಳೆಯದಿದ್ದರೆ ಮಾತ್ರ ಏನೂ ತೀರ್ಮಾನಿಸಬೇಡಿ, ಹೊಳಪುಕಾರಕವಿಲ್ಲದ ಕಾಗದ ಆಮೇಲೂ ಇತ್ತು. ಕಾಗದ ಪ್ಲಾಸ್ಟಿಕ್ಕಿನಂತೆ ಜಾರಿದರೆ, ಸುರುಳಿಯಾಗದೆ ಚಪ್ಪಟೆ ಇದ್ದರೆ, ಅದು 1970ರ ದಶಕದಲ್ಲಿ ಬಳಕೆಗೆ ಬಂದ ಪ್ಲಾಸ್ಟಿಕ್ ಲೇಪದ ಕಾಗದ. ಹಾಗಿದ್ದರೆ ನಿಮಗೆ ಬಂದದ್ದು ಹಳೆಯ ನೆಗೆಟಿವ್‌ನಿಂದ ಆಮೇಲೆ ಹಾಕಿಸಿದ ಪ್ರಿಂಟ್ ಇರಬಹುದು.

ಅಡಿಬರಹ ಒಮ್ಮೆ ತಪ್ಪಾದರೆ ಅದನ್ನು ತಿದ್ದುವುದು ಎಷ್ಟು ಕಷ್ಟ ಎನ್ನುವುದಕ್ಕೆ ಜಗತ್ತಿನ ಅತಿ ಪ್ರಸಿದ್ಧ ಚಿತ್ರವೊಂದೇ ಸಾಕ್ಷಿ. ಹಂಗೇರಿ ಮೂಲದ ಛಾಯಾಗ್ರಾಹಕ ಮಾರ್ಟಿನ್ ಮುಂಕಾಚಿ 1930ರ ಸುಮಾರಿಗೆ ತೆಗೆದ, ಮೂವರು ಹುಡುಗರು ನೊರೆತೆರೆಯತ್ತ ಓಡುವ ಚಿತ್ರ. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಆನ್ರಿ ಕಾರ್ತಿಯೆ-ಬ್ರೆಸೋ ಕ್ಯಾಮೆರಾದ ಕಡೆ ತಿರುಗಲು ಪ್ರೇರಣೆಯಾದದ್ದು ಅದೇ. ಅದು ಪಶ್ಚಿಮ ಆಫ್ರಿಕಾದ ಲೈಬೀರಿಯದ್ದು ಎಂದು ಬಹಳ ಕಾಲ ಅಚ್ಚಾಗುತ್ತಾ ಬಂತು. ನಿಜಕ್ಕೂ ಅದು ಪೂರ್ವ ಆಫ್ರಿಕಾದ ಟ್ಯಾಂಗನಿಕಾ ಸರೋವರದ ದಡ. ಅಷ್ಟು ದೊಡ್ಡ ಚಿತ್ರಕ್ಕೇ ಹೀಗಾದರೆ, ಮನೆಯ ಆಲ್ಬಮ್‌ನ ಚಿತ್ರಕ್ಕೆ ಪತ್ರಿಕೆ ಕೊಟ್ಟ ಇಸವಿಯೇ ಮುಂದೆ ದಾಖಲೆಯಾಗಿಬಿಡುತ್ತದೆ. ‘ಇಸವಿ ತಿಳಿದಿಲ್ಲ, 1975ಕ್ಕಿಂತ ಹಿಂದಿನದು’ ಎಂದರೆ ಯಾರಿಗೂ ಕೊರತೆಯಿಲ್ಲ.

ಈಗ ಎಡಗಡೆಯ ಹುಡುಗ. ಉಳಿದ ನಾಲ್ವರು ಹೇಳಿದ ಹಾಗೆ ನಿಂತಿದ್ದಾರೆ, ಅವನು ಮಾತ್ರ ಓಡಿ ಬಂದು ಚೌಕಟ್ಟಿಗೆ ನುಗ್ಗಿದ್ದಾನೆ. ಅವನ ಮುಂದಿನ ಕಾಲು ಕದಡಿಹೋಗಿದೆ, ಮರಳಿಗೆ ಊರಿದ ಹಿಂದಿನ ಪಾದ ಗೆರೆ ಕೊರೆದಷ್ಟು ಸ್ಪಷ್ಟ. ಪಾದದ ಸುತ್ತ ಒದ್ದೆ ಮರಳು ಬೆಳ್ಳಗಾಗಿ ಒಂದು ವೃತ್ತವೇ ಎದ್ದಿದೆ. ಒದ್ದೆ ಮರಳಿನ ಮೇಲೆ ಭಾರ ಬಿದ್ದರೆ ಕಣಗಳು ಸಡಿಲಗೊಂಡು ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತವೆ, ಕ್ಷಣಹೊತ್ತು ಪಾದದ ಸುತ್ತ ಒಣಗಿದಂತೆ ಕಾಣುತ್ತದೆ. ಒಂದೆರಡು ಸೆಕೆಂಡಿನಲ್ಲಿ ನೀರು ಮತ್ತೆ ಮೇಲೆ ಬರುತ್ತದೆ. ಆ ಒಂದೆರಡು ಸೆಕೆಂಡು ಈ ಚಿತ್ರದಲ್ಲಿ ಸಿಕ್ಕಿಬಿದ್ದಿದೆ.

ಕದಡಿದ್ದು ಏಕೆ? ಡಬ್ಬಿ ಕ್ಯಾಮೆರಾಗಳ ಶಟರ್‌ಗೆ ಒಂದೇ ವೇಗ, ಸೆಕೆಂಡಿನ ಮೂವತ್ತನೇ ಭಾಗದ ಸುಮಾರು. ಮಗು ಸೆಕೆಂಡಿಗೆ 3 ಮೀಟರ್ ಓಡುತ್ತದೆ ಎಂದರೆ ಅಷ್ಟರಲ್ಲಿ 10 ಸೆಂ.ಮೀ. ಸಾಗಿರುತ್ತದೆ. 75 ಮಿ.ಮೀ. ಲೆನ್ಸಿನಿಂದ 5 ಮೀಟರ್ ದೂರದಲ್ಲಿ ಅದು ನೆಗೆಟಿವ್ ಮೇಲೆ ಒಂದೂವರೆ ಮಿ.ಮೀ., ನಿಮ್ಮ ಪತ್ರಿಕೆಯ ಅಳತೆಗೆ ಹಿಗ್ಗಿಸಿದರೆ 4 ಮಿ.ಮೀ. ಸ್ಕೇಲು ಇಟ್ಟು ನೋಡಿ, ಕದಡು ಅಷ್ಟೇ ಇದೆ. ಬೀಸಿದ ಕಾಲಿನ ತುದಿಗೆ ಇನ್ನೂ ವೇಗ ಹೆಚ್ಚು, ಊರಿದ ಪಾದಕ್ಕೆ ವೇಗವೇ ಇಲ್ಲ. ಹಾಗಾಗಿ ಒಂದೇ ದೇಹದಲ್ಲಿ ಒಂದು ಕಾಲು ಹೊಗೆಯಂತೆ, ಇನ್ನೊಂದು ಕಲ್ಲಿನಂತೆ. ಕ್ಯಾಮೆರಾ ಅಲುಗಿದ್ದರೆ ಐವರೂ ಒಂದೇ ದಿಕ್ಕಿಗೆ ಕದಡಬೇಕಿತ್ತು. ತೆಗೆದವರ ಕೈ ಗಟ್ಟಿಯಿತ್ತು, ಉಸಿರು ಹಿಡಿದು ಗುಂಡಿ ಒತ್ತಿದ್ದಾರೆ. ಮಗು ಕ್ಯಾಮೆರಾದ ಕಡೆಗೆ ನೇರ ಓಡಿ ಬಂದಿದ್ದರೆ ಕದಡು ತೀರಾ ಕಡಿಮೆಯಾಗುತ್ತಿತ್ತು, ಅಡ್ಡ ಓಡಿದ್ದರಿಂದ ಇಷ್ಟು ಬಂತು. ಆ ಕಾಲದವರು ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದದ್ದು ಶಿಸ್ತಿನ ಆಸೆಯಿಂದ ಮಾತ್ರವಲ್ಲ, ಅಲುಗಿದರೆ ಹನ್ನೆರಡರಲ್ಲಿ ಒಂದು ಚಿತ್ರ ಹೋಯಿತು ಎಂಬ ಲೆಕ್ಕದಿಂದ.

ಓಡಾಡುವವರನ್ನು ತಿಳಿಯದಂತೆ ತೆಗೆಯಬೇಕೆಂದು ಹಟ ಹಿಡಿದವರೂ ಇದ್ದರು. ಲಂಡನ್ನಿನ ಪಾಲ್ ಮಾರ್ಟಿನ್ 1892ರಲ್ಲಿ ಇಂಗ್ಲೆಂಡಿನ ಯಾರ್ಮತ್ ಕಡಲತೀರದ ಜನರನ್ನು ತೆಗೆದದ್ದು ಕಂಕುಳಲ್ಲಿ ಪೊಟ್ಟಣದಂತೆ ಇಟ್ಟುಕೊಳ್ಳುವ ಪೆಟ್ಟಿಗೆ ಕ್ಯಾಮೆರಾದಿಂದ. ಅದರೊಳಗೆ ಹನ್ನೆರಡು ಗಾಜಿನ ತಟ್ಟೆಗಳಿರುತ್ತಿದ್ದವು. ಮಲ್ಪೆಯ ಈ ಚಿತ್ರದಲ್ಲಿ ನಿಲ್ಲಿಸಿ ತೆಗೆದದ್ದೂ ನಿಲ್ಲದೆ ಸಿಕ್ಕಿದ್ದೂ ಒಂದೇ ಚೌಕದಲ್ಲಿವೆ. ನಮ್ಮ ಮಟ್ಟಿಗೆ ಅದರ ಬೆಲೆ ಇರುವುದೇ ಅಲ್ಲಿ.

ಬಣ್ಣ ತುಂಬಿಸಿದ ಪ್ರತಿಯಲ್ಲಿ ಆ ಕಾಲು ಏನಾಗಿದೆ ನೋಡಿ. ಯಂತ್ರಕ್ಕೆ ಕದಡು ಅರ್ಥವಾಗಿಲ್ಲ, ಅರ್ಧಕ್ಕೆ ಮೈಬಣ್ಣ, ಇನ್ನರ್ಧಕ್ಕೆ ಮರಳಿನ ಬಣ್ಣ ಬಳಿದಿದೆ. ಪಾದದ ಸುತ್ತಲಿನ ಬಿಳಿ ವೃತ್ತವನ್ನು ಕಲೆ ಎಂದು ಒರೆಸಿಹಾಕಿದೆ. ಹುಡುಗಿಯ ಲಂಗಕ್ಕೆ ಮೆರೂನ್ ಕೊಟ್ಟಿದೆ. ಕೊಡಲು ಆಧಾರವೇನು? ಕಪ್ಪು-ಬಿಳುಪು ಫಿಲ್ಮ್‌ನಲ್ಲಿ ಹಸಿರು, ನೀಲಿ, ಕೆಂಪು ಮೂರೂ ಒಂದೇ ಬೂದು ಬಣ್ಣವಾಗಿ ಬರಬಹುದು. ಫಿಲ್ಮ್ ಕೆಂಪನ್ನು ಕಾಣದ ಆರ್ಥೊಕ್ರೊಮ್ಯಾಟಿಕ್ ಜಾತಿಯದಾಗಿದ್ದರೆ ಕೆಂಪು ಬಟ್ಟೆ ಪೂರ್ತಿ ಕಪ್ಪಾಗಿ ಬಂದಿರುತ್ತದೆ, ಮೈಬಣ್ಣವೂ ಇದ್ದದ್ದಕ್ಕಿಂತ ಕಪ್ಪಾಗಿ ಬರುತ್ತದೆ. ಕೊಡಾಕ್ ಕಂಪನಿ ಮನೆಬಳಕೆಯ ತನ್ನ ವೆರಿಕ್ರೋಮ್ ರೀಲನ್ನು ಎಲ್ಲ ಬಣ್ಣ ಕಾಣುವ ಪ್ಯಾನ್ ಆಗಿ ಬದಲಿಸಿದ್ದು 1956ರಲ್ಲಿ. ಯಾವ ಫಿಲ್ಮ್ ಎಂದು ಗೊತ್ತಿಲ್ಲದೆ ಬೂದು ಬಣ್ಣದಿಂದ ನಿಜವಾದ ಬಣ್ಣ ಊಹಿಸುವುದು ಬರೀ ಊಹೆ. ಮಕ್ಕಳ ಮುಖವನ್ನು ಬೆಳ್ಳಗೆ ಮಾಡಿರುವುದಂತೂ ನಮಗೆ ತೀರಾ ಬೇಸರ ತಂದಿತು. ಹಿಂದೆ ಸ್ಟುಡಿಯೊಗಳಲ್ಲಿ ಕೈಯಿಂದ ಬಣ್ಣ ಹಾಕುತ್ತಿದ್ದರು ನಿಜ. ಅಲ್ಲಿ ಸೀರೆ ಯಾವ ಬಣ್ಣ ಎಂದು ಎದುರು ಕೂತವರನ್ನು ಕೇಳಿ, ಆರ್ಡರ್ ಚೀಟಿಯಲ್ಲಿ ಬರೆದುಕೊಂಡು ಹಾಕುತ್ತಿದ್ದರು.

ಆಕಾಶ ಬೋಳಾಗಿದೆ, ಮೋಡವಿಲ್ಲ ಎಂದು ಯಂತ್ರ ನೀಲಿ ಸುರಿದಿದೆ. ಮೋಡ ಇದ್ದಿರಲಿಕ್ಕೂ ಸಾಕು. ಫಿಲ್ಮ್‌ಗೆ ನೀಲಿಯ ಮೇಲೆ ಒಲವು ಹೆಚ್ಚು, ಆದ್ದರಿಂದ ನೀಲಿ ಆಕಾಶವೂ ಬಿಳಿ ಮೋಡವೂ ಒಂದೇ ಬಿಳಿಯಾಗುತ್ತವೆ. ಅದನ್ನು ಬೇರ್ಪಡಿಸಲು ಲೆನ್ಸಿನ ಮುಂದೆ ಹಳದಿ ಗಾಜು ಹಾಕಬೇಕು. ಹಾಕಿದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ. ವೇಗ, ಕಿಂಡಿ ಎರಡನ್ನೂ ಬದಲಿಸಲಾಗದ ಡಬ್ಬಿ ಕ್ಯಾಮೆರಾದವರು ಸಾಮಾನ್ಯವಾಗಿ ಆ ಗೋಜಿಗೆ ಹೋಗುತ್ತಿರಲಿಲ್ಲ.

ಕರಾವಳಿಯಲ್ಲಿ ಇಷ್ಟು ಚೆನ್ನಾಗಿ ಉಳಿದ ಪ್ರಿಂಟ್ ಸಿಗುವುದೇ ಅಪರೂಪ, ಅದಕ್ಕೂ ಕಾರಣ ಹೇಳಬೇಕು. ಫಿಲ್ಮ್ ತೊಳೆಯುವ ಲೆಕ್ಕವೆಲ್ಲ 20 ಡಿಗ್ರಿಗೆ ಬರೆದದ್ದು. ನಮ್ಮ ಬಾವಿಯ ನೀರು 27-28 ಡಿಗ್ರಿ. 20 ಡಿಗ್ರಿಯಲ್ಲಿ 8 ನಿಮಿಷ ಬೇಕಾದ ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) ಇಲ್ಲಿ ನಾಲ್ಕು-ನಾಲ್ಕೂವರೆ ನಿಮಿಷದಲ್ಲೇ ಕೆಲಸ ಮುಗಿಸುತ್ತದೆ. ಅಷ್ಟು ಕಡಿಮೆ ಹೊತ್ತಿನಲ್ಲಿ ದ್ರಾವಣ ಎಲ್ಲೆಡೆ ಸಮನಾಗಿ ತಾಗದೆ ಆಕಾಶದಲ್ಲಿ ಪಟ್ಟೆ ಬೀಳುತ್ತದೆ. ಅದಕ್ಕೆಂದು ಡೆವಲಪರ್ ಟ್ರೇ ಸುತ್ತ ಐಸ್ ಇಟ್ಟು, ಆಮೇಲೆ ಫಿಲ್ಮನ್ನು ನೇರ ಬಾವಿನೀರಿಗೆ ಹಾಕಿದರೆ ಇನ್ನೊಂದು ಅನಾಹುತ. ತಣ್ಣಗಿದ್ದ, ಚಿತ್ರವನ್ನು ಹಿಡಿದಿಟ್ಟ ಜೆಲಾಟಿನ್ ಪದರ ಒಮ್ಮೆಲೇ ಉಬ್ಬಿ, ಒಣಗಿದ ಕೆರೆಯ ಮಣ್ಣಿನಂತೆ ಬಿರುಕಿನ ಬಲೆ ಕಟ್ಟುತ್ತದೆ. ಬಲ್ಲವರು ಡೆವಲಪರ್, ಹೈಪೊ (ಮೂಡಿದ ಚಿತ್ರವನ್ನು ಸ್ಥಿರಗೊಳಿಸುವ ದ್ರಾವಣ), ತೊಳೆಯುವ ನೀರು ಮೂರನ್ನೂ ಒಂದೆರಡು ಡಿಗ್ರಿಯೊಳಗೆ ಇಟ್ಟು, ಹೈಪೊಗೆ ಪಟಿಕ ಸೇರಿಸಿ ಜೆಲಾಟಿನ್ ಗಟ್ಟಿಮಾಡುತ್ತಿದ್ದರು. ಹೈಪೊ ಲೀಟರಿಗೆ 250 ಗ್ರಾಂ, ಪ್ರಿಂಟ್ ಅದರಲ್ಲಿ 10 ನಿಮಿಷ. ಆಮೇಲೆ ಹರಿಯುವ ನೀರಿನಲ್ಲಿ ಒಂದು ಗಂಟೆ. ನಲ್ಲಿ ಇಲ್ಲದ ಕಡೆ ಐದೈದು ನಿಮಿಷಕ್ಕೊಮ್ಮೆ ಟ್ರೇಯ ನೀರು ಬದಲಿಸಿ, ಹನ್ನೆರಡು ಸಲ. ಏಪ್ರಿಲ್-ಮೇಯಲ್ಲಿ ಬಾವಿ ಬತ್ತಿದಾಗ ಮೊದಲು ಕಡಿತವಾಗುತ್ತಿದ್ದದ್ದು ಇದೇ. ತೊಳೆಯದೆ ಉಳಿದ ಹೈಪೊ ವರ್ಷಗಟ್ಟಲೆ ನಿಧಾನವಾಗಿ ಚಿತ್ರದ ಬೆಳ್ಳಿಯನ್ನು ಬೆಳ್ಳಿಯ ಸಲ್ಫೈಡ್ ಆಗಿ ತಿರುಗಿಸುತ್ತದೆ, ಚಿತ್ರ ಹಳದಿ-ಕಂದಾಗಿ ಬಿಳಚಿಕೊಳ್ಳುತ್ತದೆ. ಈ ಪ್ರಿಂಟಿನಲ್ಲಿ ಕಪ್ಪು ಇನ್ನೂ ಕಪ್ಪಾಗಿಯೇ ಇದೆ. ಯಾವುದೋ ಸ್ಟುಡಿಯೊದಲ್ಲಿ ಯಾರೋ ಹೆಸರಿಲ್ಲದ ಕೆಲಸಗಾರ ನೀರು ಉಳಿಸದೆ ತೊಳೆದಿದ್ದಾನೆ. ಅವನಿಗೂ ಈ ಅಭಿನಂದನೆಯಲ್ಲಿ ಪಾಲಿದೆ.

ಆದರೆ ಚಿತ್ರದ ಉದ್ದಕ್ಕೂ ಸಮಾನ ಅಂತರದಲ್ಲಿ ತೆಳು ಹಳದಿ ಪಟ್ಟೆಗಳಿವೆ. ಅವು ತೊಳೆತದ ದೋಷವಲ್ಲ, ಹಾಗಾಗಿದ್ದರೆ ಕಲೆ ಕ್ರಮವಿಲ್ಲದೆ ಹರಡುತ್ತಿತ್ತು. ಅದು ಅಂಟು ಹಾಳೆಯ ಆಲ್ಬಮ್‌ನ ಗೆರೆ. ರಟ್ಟಿನ ಮೇಲೆ ಗೆರೆಗೆರೆಯಾಗಿ ಅಂಟು ಹಚ್ಚಿ, ಮೇಲೆ ಪ್ಲಾಸ್ಟಿಕ್ ಹೊದಿಸಿದ ಆಲ್ಬಮ್. ಅಂಟು ಕಾಗದದ ಹಿಂದಿನಿಂದ ಒಳಗಿಳಿಯುತ್ತಿದೆ. ಚಿತ್ರ ಕಳಿಸಿದವರು ದಯವಿಟ್ಟು ಪ್ರಿಂಟನ್ನು ಕಿತ್ತು ಎಳೆಯಬೇಡಿ, ಮಡಿಚಿದರೆ ಜೆಲಾಟಿನ್ ಪದರ ಬಿರಿಯುತ್ತದೆ. ಹೇರ್ ಡ್ರೈಯರ್ ಬಿಸಿಯೂ ಬೇಡ. ಹಲ್ಲಿನ ಸಂದಿಗೆ ಬಳಸುವ, ಮೇಣವಿಲ್ಲದ ದಾರವನ್ನು ಒಂದು ಮೂಲೆಯಿಂದ ಪ್ರಿಂಟಿನ ಹಿಂದೆ ತೂರಿಸಿ, ರಟ್ಟಿಗೆ ಒತ್ತಿಕೊಂಡು ನಿಧಾನವಾಗಿ ಗರಗಸದಂತೆ ಆಚೀಚೆ ಎಳೆಯಿರಿ. ತಡೆ ಸಿಕ್ಕಿದಲ್ಲಿ ನಿಲ್ಲಿಸಿ. ಬಿಡದೇ ಹೋದರೆ ರಟ್ಟಿನ ಸಮೇತ ಆ ಭಾಗವನ್ನು ಕತ್ತರಿಸಿ ಇಟ್ಟುಕೊಳ್ಳಿ. ಒದ್ದೆ ಬಟ್ಟೆಯಿಂದ ಒರೆಸುವುದಂತೂ ಕೂಡದು. ಮಳೆಗಾಲದಲ್ಲಿ ಬೂಷ್ಟು ಹಿಡಿದ ಪ್ರಿಂಟಿನ ಜೆಲಾಟಿನ್ ನೀರಿಗೆ ಕರಗುವಷ್ಟು ಮೆತ್ತಗಾಗಿರುತ್ತದೆ, ಒರೆಸಿದರೆ ಮುಖವೇ ಬಟ್ಟೆಗೆ ಬರುತ್ತದೆ. ಒಣ ಹವೆಯ ದಿನ ಬಿಚ್ಚಿ ಗಾಳಿಗಿಟ್ಟು, ಮೃದು ಕುಂಚದಿಂದ ಧೂಳು ತೆಗೆದು, ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿ ಹಾಕಿ, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಜೆಲ್ ಬಣ್ಣ ಬದಲಾದಾಗ ಕಾಯಿಸಿ ಮತ್ತೆ ಬಳಸಬಹುದು. ಗೋಡೆಗೆ ಹಾಕುವುದಿದ್ದರೆ ನಕಲು ಹಾಕಿ. ಮೂಲ ಪ್ರಿಂಟನ್ನು ಗಾಜಿಗೆ ತಾಗಿಸಿ ಚೌಕಟ್ಟು ಕಟ್ಟಿಸಿದರೆ ಎರಡು ಮಳೆಗಾಲದಲ್ಲಿ ಅದು ಗಾಜಿಗೆ ಅಂಟಿಕೊಂಡೀತು.

ಸ್ಕ್ಯಾನ್ ಮಾಡುವವರಿಗೆ: ಚಿಕ್ಕ ಪ್ರಿಂಟಿಗೆ ಅಂಗುಲಕ್ಕೆ 1200 ಚುಕ್ಕೆ ಇಡಿ, ಆರು ಸೆಂ.ಮೀ. ಚೌಕಕ್ಕೆ ಎರಡೂವರೆ ಸಾವಿರಕ್ಕಿಂತ ಹೆಚ್ಚು ಚುಕ್ಕೆ ಸಿಗುತ್ತವೆ. ಕಪ್ಪು-ಬಿಳುಪು ಚಿತ್ರವಾದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಹಳದಿ ಕಲೆಯನ್ನು ಆಮೇಲೆ ಬೇರ್ಪಡಿಸಲು ಅದು ಬೇಕು. ಟಿಫ್ (TIFF) ಕಡತವಾಗಿ ಉಳಿಸಿ. ಬಿಳಿ ಅಂಚೂ ಹಿಂಭಾಗವೂ ಸೇರಿರಲಿ. ಫೋನಿನಲ್ಲೇ ತೆಗೆಯುವುದಾದರೆ ಫ್ಲಾಶ್ ಬಳಸದೆ, ನೇರ ಬಿಸಿಲು ಬೀಳದ ಕಿಟಕಿಯ ಹತ್ತಿರ ಪ್ರಿಂಟನ್ನು ಚಪ್ಪಟೆಯಾಗಿಟ್ಟು, ಫೋನನ್ನು ಅದಕ್ಕೆ ಸಮಾನಾಂತರವಾಗಿ ಹಿಡಿಯಿರಿ. ಹಳೆಯ ಪ್ರಿಂಟಿನ ಕಪ್ಪು ಭಾಗಗಳಲ್ಲಿ, ಅಂಚಿನ ಹತ್ತಿರ, ನೀಲಿಬೆಳ್ಳಿಯ ಹೊಳಪು ಎದ್ದಿದ್ದರೆ ಬೆಳಕು ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ಬೀಳುವಂತೆ ನೋಡಿಕೊಳ್ಳಿ. ಅದು ಮೇಲೆದ್ದು ಬಂದ ಬೆಳ್ಳಿ, ಉಜ್ಜಬೇಡಿ.

ನಿಮ್ಮ ಅಚ್ಚಿನ ಮನೆಗೂ ಒಂದು ಮಾತು. ಪತ್ರಿಕೆ ಕಾಗದದಲ್ಲಿ ಅಂಗುಲಕ್ಕೆ ಸುಮಾರು 100 ಸಾಲು ಚುಕ್ಕೆ. ಈ ಅಳತೆಯಲ್ಲಿ ಹುಡುಗಿಯ ಮುಖ 8 ಮಿ.ಮೀ., ಅಂದರೆ ಅಡ್ಡಕ್ಕೆ ಮೂವತ್ತು ಚುಕ್ಕೆ. ಒಂದು ಕಣ್ಣಿಗೆ ಸಿಗುವುದು ಐದು. ಶಾಯಿ ಕಾಗದದಲ್ಲಿ ಹರಡಿ ನಡು ಬೂದು ಬಣ್ಣ ಇನ್ನಷ್ಟು ಕಪ್ಪಾಗುವುದರಿಂದ ಆ ಐದೂ ಒಂದಾಗಿಬಿಡುತ್ತವೆ. ಪುಟಕ್ಕೆ ಹಾಕುವ ಮೊದಲು ನಡು ಬೂದು ಬಣ್ಣವನ್ನು ಸಾಕಷ್ಟು ತಿಳಿ ಮಾಡಿಕೊಳ್ಳಿ, ಅಂಚು ಚೂಪು ಮಾಡುವ ಸಾಧನವನ್ನು ಮುಟ್ಟಬೇಡಿ. ಚೂಪು ಮಾಡಿದ್ದರಿಂದಲೇ ಈ ಸಲ ದಿಗಂತದ ಮೇಲೆ ಬಿಳಿ ಗೆರೆಯೊಂದು ಹುಟ್ಟಿಕೊಂಡಿದೆ, ಮೂಲದಲ್ಲಿ ಅದು ಇರಲಾರದು.

ಕೊನೆಯದಾಗಿ ಮೂರು ಕೋರಿಕೆ. ಮುಂದಿನ ಭಾನುವಾರ ಈ ಚಿತ್ರವನ್ನು ಚೌಕವಾಗಿ, ಅಂಚು ಸಮೇತ, ಬಣ್ಣವಿಲ್ಲದೆ ಇನ್ನೊಮ್ಮೆ ಹಾಕಿ. ಪಕ್ಕದಲ್ಲಿ ಅದರ ಹಿಂಭಾಗವನ್ನೂ ಚಿಕ್ಕದಾಗಿ ಹಾಕಿ. ಚಿತ್ರ ಕಳಿಸಿದವರಲ್ಲಿ ನೆಗೆಟಿವ್ ಇದೆಯೇ ಎಂದು ಕೇಳಿ. ಸ್ಟುಡಿಯೊದವರು ನೆಗೆಟಿವ್‌ಗಳನ್ನು ಪ್ರಿಂಟಿನ ಜೊತೆಗೇ ಕಾಗದದ ಲಕೋಟೆಯಲ್ಲಿ ಕೊಡುತ್ತಿದ್ದರು, ಟ್ರಂಕಿನ ತಳದಲ್ಲೋ ಜಾತಕದ ಕಟ್ಟಿನೊಳಗೋ ಸಿಗುವುದುಂಟು. ವಿನಿಗರ್ ವಾಸನೆ ಬರುತ್ತಿದ್ದರೆ ಫಿಲ್ಮ್ ಕೊಳೆಯಲು ಶುರುವಾಗಿದೆ, ಬೇರೆ ಚಿತ್ರಗಳಿಂದ ದೂರವಿಟ್ಟು ತಕ್ಷಣ ಸ್ಕ್ಯಾನ್ ಮಾಡಿಸಬೇಕು. ಮಕ್ಕಳ ಹಿಂದಿನ ತೆರೆಯ ನೊರೆ ಈ ಪ್ರಿಂಟಿನಲ್ಲಿ ಬರೀ ಬಿಳಿ. ಬಿಸಿಲಿನ ತೀರದಲ್ಲಿ ಒಂದೇ ವೇಗದ ಕ್ಯಾಮೆರಾ ಫಿಲ್ಮ್‌ಗೆ ಬೇಕಾದ್ದಕ್ಕಿಂತ ಹೆಚ್ಚು ಬೆಳಕು ಕೊಟ್ಟಿರುತ್ತದೆ, ಆ ಜಾಗ ನೆಗೆಟಿವ್‌ನಲ್ಲಿ ದಟ್ಟ ಕಪ್ಪಾಗಿರುತ್ತದೆಯೇ ಹೊರತು ಖಾಲಿಯಲ್ಲ. ನೆಗೆಟಿವ್‌ ಹಿಗ್ಗಿಸಿ ಪ್ರಿಂಟ್ ಹಾಕುವ ಎನ್‌ಲಾರ್ಜರ್‌ನಲ್ಲಿ ಇಡೀ ಚಿತ್ರಕ್ಕೆ 12 ಸೆಕೆಂಡು ಕೊಟ್ಟು, ತೂತು ಕೊರೆದ ರಟ್ಟನ್ನು ಅಲ್ಲಾಡಿಸುತ್ತಾ ನೊರೆಯ ಜಾಗಕ್ಕೆ ಮಾತ್ರ ಇನ್ನೊಂದು 12 ಸೆಕೆಂಡು ಕೊಟ್ಟರೆ ಅದರ ಎಳೆಗಳು ಮೂಡುತ್ತವೆ. ನೆಗೆಟಿವ್ ಸಿಕ್ಕರೆ ಆ ಪ್ರಿಂಟನ್ನು ನಾವೇ ಹಾಕಿಕೊಡುತ್ತೇವೆ, ಖರ್ಚು ಬೇಡ.

ಇಂತಿ,
ಡಾರ್ಕ್‌ರೂಮ್ ಕೆಲಸ ಬಲ್ಲ ಕೆಲವು ಓದುಗರು
ಉಡುಪಿ